ಇಂಚು, ಅಡಿ, ಗಜ, ಮೈಲಿ: ಲೆಕ್ಕ ತಪ್ಪದಂತೆ ಬದಲಿಸುವುದು ಹೇಗೆ

ಕೆಆರ್‌ಎಸ್ ಜಲಾಶಯ ತುಂಬಿದ ದಿನ ಎಲ್ಲ ಪತ್ರಿಕೆಗಳಲ್ಲೂ ಒಂದೇ ಅಂಕಿ: 124.80 ಅಡಿ. ಇದು 124 ಅಡಿ 80 ಇಂಚು ಅಲ್ಲ, 124 ಅಡಿ 8 ಇಂಚೂ ಅಲ್ಲ. 124 ಅಡಿ ಮತ್ತು ಒಂಬತ್ತೂವರೆ ಇಂಚಿಗಿಂತ ಒಂದು ಚೂರು ಹೆಚ್ಚು. ಅದೇ ಪತ್ರಿಕೆಯ ಕ್ರೀಡಾಪುಟದಲ್ಲಿ ಆಟಗಾರನ ಎತ್ತರ 5.10 ಅಡಿ ಎಂದಿದ್ದರೆ, ಅಲ್ಲಿ ಮಾತ್ರ 5 ಅಡಿ 10 ಇಂಚು ಎಂದೇ ಓದಿಕೊಳ್ಳಬೇಕು. ಚುಕ್ಕಿ ಒಂದೇ, ಅರ್ಥ ಎರಡು. ಅಡಿ, ಇಂಚಿನ ಲೆಕ್ಕದಲ್ಲಿ ಗುಣಾಕಾರ, ಭಾಗಾಕಾರ ತಪ್ಪುವವರು ಕಡಿಮೆ. ಈ ಚುಕ್ಕಿಯಲ್ಲಿ ಎಡವುವವರೇ ಹೆಚ್ಚು. ಸೈಟಿನ ವಿಸ್ತೀರ್ಣ, ಮೆಟ್ಟಿಲಿನ ಎತ್ತರ, ಬಾಗಿಲ ಚೌಕಟ್ಟಿನ ಅಳತೆ ಕೈಕೊಡುವುದು ಹೆಚ್ಚಾಗಿ ಇಲ್ಲೇ.

ಮೊದಲು ಮೆಟ್ಟಿಲುಮೆಟ್ಟಿಲಾಗಿ ಅಳತೆಗಳನ್ನು ನೋಡೋಣ:

1 ಅಡಿ = 12 ಇಂಚು
1 ಗಜ = 3 ಅಡಿ = 36 ಇಂಚು
1 ಚೈನು = 22 ಗಜ = 66 ಅಡಿ
1 ಫರ್ಲಾಂಗ್ = 10 ಚೈನು = 220 ಗಜ = 660 ಅಡಿ
1 ಮೈಲಿ = 8 ಫರ್ಲಾಂಗ್ = 1,760 ಗಜ = 5,280 ಅಡಿ = 63,360 ಇಂಚು

ಇಂಚಿಗಿಂತ ಕೆಳಗೆ ಅಧಿಕೃತ ಹೆಸರಿನ ಅಳತೆ ಇಲ್ಲ, ಅರ್ಧ, ಕಾಲು, ಅರೆಕಾಲು ಎಂದು ಒಡೆದುಕೊಂಡು ಹೋಗುತ್ತೇವೆ. ಇಂಚಿನ ಎಂಟನೇ ಒಂದು ಭಾಗಕ್ಕೆ ಬಡಗಿಗಳು ನೂಲು ಎನ್ನುತ್ತಾರೆ, ಕೆಲವು ಕಡೆ ಸೂತ್ ಎಂಬ ಮಾತೂ ಇದೆ. ಅಂದರೆ ಎರಡು ನೂಲು ಕಾಲಿಂಚು, ನಾಲ್ಕು ನೂಲು ಅರ್ಧ ಇಂಚು, ಆರು ನೂಲು ಮುಕ್ಕಾಲು ಇಂಚು. ಈ ಬರಹದಲ್ಲಿ ಅದೇ ಮಾತನ್ನು ಬಳಸಿದ್ದೇವೆ.

ಮೇಲಿನ ಪಟ್ಟಿ ನೆನಪಿನಲ್ಲಿ ಉಳಿಯಲು ಕ್ರಿಕೆಟ್ ಪಿಚ್ ಸಾಕು. ಎರಡು ಕಡೆಯ ವಿಕೆಟ್‌ಗಳ ನಡುವಿನ ದೂರ 22 ಗಜ, ಅಂದರೆ ಸರಿಯಾಗಿ ಒಂದು ಚೈನು. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ 1620ರ ಹೊತ್ತಿಗೆ ಭೂಮಾಪನಕ್ಕೆಂದು ರೂಪಿಸಿದ ಸರಪಳಿಯ ಉದ್ದ ಇದು. ಹತ್ತು ಪಿಚ್ ಸಾಲಾಗಿ ಇಟ್ಟರೆ ಒಂದು ಫರ್ಲಾಂಗ್, ಎಂಬತ್ತು ಇಟ್ಟರೆ ಒಂದು ಮೈಲಿ. 63,360 ಎಂಬ ಅಂಕಿಯನ್ನು ಸರ್ವೆ ಆಫ್ ಇಂಡಿಯಾದ ಹಳೆಯ ಭೂಪಟಗಳಲ್ಲಿ ನೋಡಿರುತ್ತೀರಿ. ಅವುಗಳ ಮೇಲೆ 1:63,360 ಎಂದಿದ್ದರೆ, ಪಟದ ಮೇಲಿನ ಒಂದು ಇಂಚು ನೆಲದ ಮೇಲೆ ಒಂದು ಮೈಲಿ.

ದೊಡ್ಡದರಿಂದ ಚಿಕ್ಕದಕ್ಕೆ

ಗುಣಿಸುತ್ತಾ ಇಳಿಯಿರಿ. ಪ್ರತಿ ಹಂತದಲ್ಲೂ ಆ ಹಂತದ ಬಿಡಿ ಅಳತೆಯನ್ನು ಕೂಡಿಕೊಂಡೇ ಮುಂದಕ್ಕೆ ಹೋಗಿ. 2 ಮೈಲಿ 3 ಫರ್ಲಾಂಗ್ 40 ಗಜ 2 ಅಡಿಯನ್ನು ಅಡಿಗೆ ತರಬೇಕು ಎನ್ನಿ:

2 × 8 = 16, ಅದಕ್ಕೆ 3 ಸೇರಿಸಿದರೆ 19 ಫರ್ಲಾಂಗ್.
19 × 220 = 4,180, ಅದಕ್ಕೆ 40 ಸೇರಿಸಿದರೆ 4,220 ಗಜ.
4,220 × 3 = 12,660, ಅದಕ್ಕೆ 2 ಸೇರಿಸಿದರೆ 12,662 ಅಡಿ.

ಇಂಚು ಬೇಕಿದ್ದರೆ ಇನ್ನೊಮ್ಮೆ 12ರಿಂದ ಗುಣಿಸಿ: 1,51,944. ಮೈಲಿಯನ್ನು 5,280ರಿಂದ, ಫರ್ಲಾಂಗನ್ನು 660ರಿಂದ ಬೇರೆಬೇರೆಯಾಗಿ ಗುಣಿಸಿ ಕೊನೆಗೆ ಕೂಡಿದರೂ ಉತ್ತರ ಇದೇ ಬರುತ್ತದೆ. ಒಂದು ವಿಧಾನದಲ್ಲಿ ಮಾಡಿ ಇನ್ನೊಂದರಲ್ಲಿ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಚಿಕ್ಕದರಿಂದ ದೊಡ್ಡದಕ್ಕೆ

ಭಾಗಿಸುತ್ತಾ ಏರಿ, ಶೇಷವನ್ನು ಎಸೆಯಬೇಡಿ. ಆ ಶೇಷವೇ ಆಯಾ ಹಂತದ ಉತ್ತರ. ಜೋಗದ ಎತ್ತರ 830 ಅಡಿ ಎಂದು ಹಳೆಯ ಪಠ್ಯಗಳಲ್ಲಿ ಓದಿದ್ದೇವೆ. 830ನ್ನು 3ರಿಂದ ಭಾಗಿಸಿದರೆ 276 ಗಜ, ಶೇಷ 2 ಅಡಿ. 276ನ್ನು 220ರಿಂದ ಭಾಗಿಸಿದರೆ 1 ಫರ್ಲಾಂಗ್, ಶೇಷ 56 ಗಜ. ಉತ್ತರ: 1 ಫರ್ಲಾಂಗ್ 56 ಗಜ 2 ಅಡಿ. ಶ್ರವಣಬೆಳಗೊಳದ ಗೊಮ್ಮಟನ 57 ಅಡಿಗೆ ಶೇಷವೇ ಇಲ್ಲ, ಸರಿಯಾಗಿ 19 ಗಜ.

ಮೊಬೈಲಿನ ಕ್ಯಾಲ್ಕುಲೇಟರ್ ಶೇಷ ತೋರಿಸುವುದಿಲ್ಲ, ದಶಾಂಶ ತೋರಿಸುತ್ತದೆ. 830 ÷ 660 ಒತ್ತಿದರೆ 1.257575 ಎಂದು ಬರುತ್ತದೆ. ಚುಕ್ಕಿಗೆ ಮೊದಲಿರುವ 1 ಫರ್ಲಾಂಗನ್ನು ಬರೆದಿಟ್ಟುಕೊಂಡು ಕ್ಯಾಲ್ಕುಲೇಟರಿನಲ್ಲಿ 1 ಕಳೆಯಿರಿ. ಉಳಿದದ್ದನ್ನು 220ರಿಂದ ಗುಣಿಸಿದರೆ 56.666 ಗಜ. ಮತ್ತೆ 56 ಕಳೆದು 3ರಿಂದ ಗುಣಿಸಿದರೆ 2 ಅಡಿ. ನಡುವೆ ಎಲ್ಲೂ ಅಂಕಿಯನ್ನು ಮೊಟಕು ಮಾಡಬೇಡಿ. 1.2575 ಎನ್ನುವುದನ್ನು 1.26 ಎಂದು ಬರೆದುಕೊಂಡರೆ 56 ಗಜ 2 ಅಡಿ ಇರಬೇಕಾದ ಕಡೆ 57 ಗಜ ದಾಟುತ್ತದೆ. ಮೇಲಿನ ಹಂತದಲ್ಲಿ ಬಿಟ್ಟ ಕೂದಲೆಳೆಯಷ್ಟು ಅಂಶ ಕೆಳಗಿನ ಹಂತಕ್ಕೆ ಬರುವಾಗ 220 ಪಟ್ಟು, 660 ಪಟ್ಟು ಬೆಳೆದಿರುತ್ತದೆ.

ಚುಕ್ಕಿಯ ನಂತರದ್ದು ಇಂಚಲ್ಲ

ದಶಾಂಶ ಅಡಿಯನ್ನು ಇಂಚಿಗೆ ತರಲು ಚುಕ್ಕಿಯ ನಂತರದ ಭಾಗವನ್ನು ಮಾತ್ರ 12ರಿಂದ ಗುಣಿಸಿ. ಇಂಚಿನಲ್ಲೂ ದಶಾಂಶ ಉಳಿದರೆ ಅದನ್ನು ಮಾತ್ರ 8ರಿಂದ ಗುಣಿಸಿ, ನೂಲು ಸಿಗುತ್ತದೆ. ಕೆಆರ್‌ಎಸ್‌ನ 0.80 × 12 = 9.6 ಇಂಚು. 0.6 × 8 = 4.8, ಹತ್ತಿರಕ್ಕೆ 5 ನೂಲು. ಹಾಗಾಗಿ 124 ಅಡಿ 9 ಇಂಚು 5 ನೂಲು. ತಿರುಗಿ ಬರುವಾಗ ಇಂಚನ್ನು 12ರಿಂದ ಭಾಗಿಸಿ ಅಡಿಗೆ ಸೇರಿಸಿ.

ಕೆಲವನ್ನು ಬಾಯಿಪಾಠ ಮಾಡಿಕೊಂಡರೆ ಕ್ಯಾಲ್ಕುಲೇಟರ್ ಬೇಕಾಗುವುದೇ ಇಲ್ಲ. 3 ಇಂಚು 0.25 ಅಡಿ, 4 ಇಂಚು 0.333, 6 ಇಂಚು 0.5, 8 ಇಂಚು 0.667, 9 ಇಂಚು 0.75. ಒಂದು ಇಂಚು 0.083. ಇನ್ನೂ ಉಪಯೋಗಕ್ಕೆ ಬರುವ ಮಾತು ಒಂದಿದೆ: ಅಡಿಯ ನೂರನೇ ಒಂದು ಭಾಗ, ಅಂದರೆ 0.01 ಅಡಿ, ಸುಮಾರು ಒಂದು ನೂಲಿಗೆ ಸಮ (0.12 ಇಂಚು, ನೂಲು 0.125 ಇಂಚು). ಆದ್ದರಿಂದ ಎರಡು ದಶಾಂಶ ಸ್ಥಾನದವರೆಗೆ ಬರೆದ ಅಡಿ ಬಡಗಿಯ ಟೇಪಿನಷ್ಟೇ ನಿಖರ. ಜಲಾಶಯದ ಮಟ್ಟ 124.77ರಿಂದ 124.80ಕ್ಕೆ ಏರಿತು ಎಂದರೆ ನೀರು ಏರಿದ್ದು ಸುಮಾರು ಮೂರು ನೂಲು.

ಸೈಟಿನ ಕಾಗದದಲ್ಲಿ ಈ ಚುಕ್ಕಿ ದುಡ್ಡಿನ ವಿಷಯವಾಗುತ್ತದೆ. ನೆಟ್ಟಗೆ 30 × 40 ಇದ್ದರೆ ತೊಂದರೆಯಿಲ್ಲ. ಸೊಟ್ಟ ಸೈಟಿನ ಕ್ರಯಪತ್ರದ ಷೆಡ್ಯೂಲಿನಲ್ಲಿ ಒಂದು ಜೋಡಿ ಬದಿ 40 ಮತ್ತು 38.6, ಇನ್ನೊಂದು ಜೋಡಿ 30 ಮತ್ತು 29.11 ಎಂದು ಬರೆದಿದ್ದಾರೆ ಎನ್ನಿ. ಅಳೆದವರು 38 ಅಡಿ 6 ಇಂಚು, 29 ಅಡಿ 11 ಇಂಚು ಎಂದುಕೊಂಡು ಬರೆದದ್ದಾದರೆ ಅವು ನಿಜಕ್ಕೂ 38.5 ಮತ್ತು 29.917 ಅಡಿ. ಎದುರುಬದುರಿನ ಬದಿಗಳ ಸರಾಸರಿ ತೆಗೆದು ಗುಣಿಸಿದರೆ 39.25 × 29.958, ಸುಮಾರು 1,176 ಚದರಡಿ. ಕಾಗದದಲ್ಲಿದ್ದ ಅಂಕಿಯನ್ನೇ ಕ್ಯಾಲ್ಕುಲೇಟರಿಗೆ ಹಾಕಿದರೆ 39.3 × 29.555, ಸುಮಾರು 1,161.5 ಚದರಡಿ. ಹದಿನಾಲ್ಕು ಚದರಡಿಗೂ ಮೇಲೆ ಹೋಯಿತು. ಬೆಂಗಳೂರಿನಲ್ಲಿ ಚದರಡಿ ಬೆಲೆ ಗೊತ್ತಿರುವವರಿಗೆ ಇದು ಎಷ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ಎಕ್ಸೆಲ್‌ನಲ್ಲಿ ಎಡವಲು ಇನ್ನೊಂದು ಜಾಗ ಇದೆ. 29 ಅಡಿ 10 ಇಂಚು ಎಂದುಕೊಂಡು 29.10 ಒತ್ತಿದರೆ ಅದು ತಾನಾಗಿ 29.1 ಆಗಿ ಕೂರುತ್ತದೆ. ಆಮೇಲೆ ನೋಡಿದವರು ಅದನ್ನು 29 ಅಡಿ 1 ಇಂಚು ಎಂದು ಓದುತ್ತಾರೆ, ಒಂಬತ್ತು ಇಂಚು ಮಾಯ. ಅಡಿಗೆ ಒಂದು ಕಾಲಂ, ಇಂಚಿಗೆ ಇನ್ನೊಂದು ಕಾಲಂ ಇಡಿ. ಮೂರನೆಯದರಲ್ಲಿ ಅಡಿಯನ್ನು 12ರಿಂದ ಗುಣಿಸಿ ಇಂಚು ಕೂಡಿಸಿ, ಮುಂದಿನ ಲೆಕ್ಕವನ್ನೆಲ್ಲ ಆ ಒಟ್ಟು ಇಂಚಿನಲ್ಲೇ ಮಾಡಿ. ಕಾಗದದ ಮೇಲೆ ಬರೆಯುವಾಗ ಚುಕ್ಕಿಯ ಬದಲು 29'10" ಎಂದು ಬರೆಯಿರಿ. ಒಂದು ಗೆರೆ ಅಡಿಗೆ, ಎರಡು ಗೆರೆ ಇಂಚಿಗೆ. ಕ್ರಯಪತ್ರದಲ್ಲಿ ಅದೂ ಬೇಡ, "29 ಅಡಿ 10 ಇಂಚು" ಎಂದು ಅಕ್ಷರದಲ್ಲೇ ಬರೆಸಿ. ಜೆರಾಕ್ಸ್ ಮಾಡುವಾಗ ಆ ಸಣ್ಣ ಗೆರೆಗಳು ಅಳಿಸಿಹೋಗುವುದುಂಟು.

ಕೂಡುವುದು, ಕಳೆಯುವುದು

ಕೂಡುವಾಗ ನೂಲು 8 ತುಂಬಿದರೆ ಒಂದು ಇಂಚು, ಇಂಚು 12 ತುಂಬಿದರೆ ಒಂದು ಅಡಿ ಎಡಕ್ಕೆ ಹೋಗುತ್ತದೆ. ಕಳೆಯುವಾಗ ಸಾಲ ತರುವುದು 10 ಅಲ್ಲ, 12. ಶಾಲೆಯ ಅಭ್ಯಾಸದಿಂದ ಕೈ ಹತ್ತಕ್ಕೇ ಹೋಗುತ್ತದೆ, ಎಚ್ಚರವಿರಲಿ. 10 ಅಡಿ 3 ಇಂಚಿನ ಗೋಡೆಯಲ್ಲಿ 4 ಅಡಿ ಏಳೂವರೆ ಇಂಚಿನ ಕಿಟಕಿ ಕೂತರೆ ಉಳಿಯುವುದೆಷ್ಟು? 10 ಅಡಿ 3 ಇಂಚನ್ನು 9 ಅಡಿ 15 ಇಂಚು ಮಾಡಿಕೊಳ್ಳಿ. ಉಳಿಯುವುದು 5 ಅಡಿ ಏಳೂವರೆ ಇಂಚು.

ಪ್ಲೈವುಡ್ ಹಲಗೆ ಕತ್ತರಿಸುವಾಗ ಮೂರೂ ಹಂತ ಒಟ್ಟಿಗೆ ಬರುತ್ತವೆ. 8 ಅಡಿ ಉದ್ದದ ಹಲಗೆಯಿಂದ 22 ಇಂಚು 3 ನೂಲಿನ ನಾಲ್ಕು ತುಂಡು ಬೇಕು. ನಾಲ್ಕರಿಂದ ಗುಣಿಸಿದರೆ 88 ಇಂಚು 12 ನೂಲು, ಅಂದರೆ 89 ಇಂಚು 4 ನೂಲು. ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೂ ಸುಮಾರು ಒಂದು ನೂಲು ತಿನ್ನುತ್ತದೆ. ನಾಲ್ಕು ಕೊಯ್ತಕ್ಕೆ 4 ನೂಲು ಸೇರಿಸಿದರೆ ಸರಿಯಾಗಿ 90 ಇಂಚು, 7 ಅಡಿ 6 ಇಂಚು. ಉಳಿದ ತುಂಡು ಅರ್ಧ ಅಡಿ. ಕೊಯ್ತದ ನೂಲನ್ನು ಲೆಕ್ಕಕ್ಕೆ ಹಿಡಿಯದೆ ನಾಲ್ಕೂ ಗೆರೆಗಳನ್ನು ಮೊದಲೇ ಎಳೆದಿಟ್ಟು ಕತ್ತರಿಸಿದರೆ ತುಂಡುಗಳು ಒಂದೊಂದು ನೂಲು ಗಿಡ್ಡವಾಗಿ, ಕಪಾಟಿನಲ್ಲಿ ಸಡಿಲವಾಗಿ ಕೂರುತ್ತವೆ.

ಭಾಗಿಸಬೇಕಾದಾಗ: ಮೆಟ್ಟಿಲಿನ ಉದಾಹರಣೆ

ಅಡಿ ಇಂಚನ್ನು ಸಮಪಾಲು ಮಾಡಬೇಕಾದರೆ ಮೊದಲು ಎಲ್ಲವನ್ನೂ ಇಂಚಿಗೆ ಇಳಿಸಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ 4 ಇಂಚು, ಹದಿನೆಂಟು ಮೆಟ್ಟಿಲು ಬರಬೇಕು. 10 × 12 + 4 = 124 ಇಂಚು. 124 ÷ 18 = 6.889 ಇಂಚು.

ಇಲ್ಲಿ ಹೆಚ್ಚಿನವರು "ಏಳು ಇಂಚು ಇಟ್ಟುಬಿಡಿ" ಎನ್ನುತ್ತಾರೆ. 7 × 18 = 126. ಮೇಲೆ ತಲುಪುವ ಹೊತ್ತಿಗೆ ಎರಡು ಇಂಚು ಹೆಚ್ಚಾಗಿರುತ್ತದೆ, ಅದನ್ನು ಕೊನೆಯ ಮೆಟ್ಟಿಲಿನಲ್ಲಿ ಕಳೆದು ಐದೇ ಇಂಚಿನ ಮೆಟ್ಟಿಲು ಮಾಡುತ್ತಾರೆ. ಹದಿನೇಳು ಮೆಟ್ಟಿಲಿಗೆ ಒಗ್ಗಿದ ಕಾಲು ಅಲ್ಲಿ ತಡವರಿಸುತ್ತದೆ, ವಯಸ್ಸಾದವರು ಮುಗ್ಗರಿಸುವುದು ಅಂಥ ಮೆಟ್ಟಿಲಿನಲ್ಲೇ. 6 ಇಂಚು 7 ನೂಲು ಇಟ್ಟರೆ ಒಟ್ಟು 123 ಇಂಚು 6 ನೂಲು, ಕೊರತೆ ಕಾಲಿಂಚು ಮಾತ್ರ. ಇನ್ನೂ ಸರಿಯಾದ ದಾರಿ ಎಂದರೆ ಒಂದೊಂದೇ ಮೆಟ್ಟಿಲನ್ನು ಹಿಂದಿನದರ ಮೇಲಿಂದ ಅಳೆಯದೆ, ಗೋಡೆಗೆ ನೆಟ್ಟಗೆ ನಿಲ್ಲಿಸಿದ ಒಂದು ರೀಪಿನ ಮೇಲೆ ಎಲ್ಲ ಗುರುತನ್ನೂ ನೆಲದಿಂದಲೇ ಹಾಕುವುದು. ಆರನೆಯ ಮೆಟ್ಟಿಲಿನ ತಲೆ 41.33 ಇಂಚಿಗೆ, ಅಂದರೆ 3 ಅಡಿ 5 ಇಂಚು 3 ನೂಲಿನ ಆಸುಪಾಸು. ಒಂಬತ್ತನೆಯದು 62 ಇಂಚು, 5 ಅಡಿ 2 ಇಂಚು. ಹನ್ನೆರಡನೆಯದು 82.67 ಇಂಚು, 6 ಅಡಿ 10 ಇಂಚು 5 ನೂಲು. ಹೀಗೆ ಮಾಡಿದಾಗ ಪ್ರತಿ ಗುರುತಿನಲ್ಲೂ ತಪ್ಪು ಅರ್ಧ ನೂಲಿನೊಳಗೆ ಇರುತ್ತದೆ, ಒಂದರ ಮೇಲೊಂದು ಸೇರಿಕೊಳ್ಳುವುದಿಲ್ಲ. ಟೈಲ್ಸ್ ಸಾಲು, ಕಿಟಕಿಯ ಸರಳು, ಬೇಲಿಯ ಕಂಬ, ಸಮದೂರದಲ್ಲಿ ಹಲವು ಬರುವ ಯಾವುದೇ ಕೆಲಸಕ್ಕೂ ಇದೇ ಕ್ರಮ ಹಿಡಿಯಿರಿ. ಪ್ಲಾಸ್ಟರ್ ಮತ್ತು ನೆಲದ ಕಲ್ಲಿನ ದಪ್ಪವನ್ನು ಕಳೆದು ಕೂಡಿ ಸಿಕ್ಕ ಎತ್ತರದಿಂದಲೇ 124 ಇಂಚನ್ನು ತೆಗೆದಿರಬೇಕು ಎಂಬುದನ್ನಂತೂ ಮರೆಯಬೇಡಿ.

ಟೇಪು ಓದುವಾಗ

ಕೆಲವು ಟೇಪುಗಳಲ್ಲಿ ಅಡಿ ದಾಟಿದ ಮೇಲೂ 13, 14 ಎಂದು ಇಂಚು ಮುಂದುವರಿಯುತ್ತದೆ, ಕೆಲವದರಲ್ಲಿ ಮತ್ತೆ 1ರಿಂದ ಶುರುವಾಗುತ್ತದೆ. ಅಳೆಯುವವರು ಒಂದು ಟೇಪು, ಕತ್ತರಿಸುವವರು ಇನ್ನೊಂದು ಟೇಪು ಹಿಡಿದಿದ್ದರೆ "ಇಪ್ಪತ್ತೇಳು" ಎಂದು ಕೂಗಿ ಬಿಡಬೇಡಿ, "ಎರಡಡಿ ಮೂರಿಂಚು" ಎಂದೂ ಹೇಳಿ. ತುದಿಯ ಕೊಕ್ಕೆ ಸ್ವಲ್ಪ ಅಲ್ಲಾಡುವುದು ದೋಷವಲ್ಲ. ಒಳಗಿನಿಂದ ಒತ್ತಿ ಅಳೆದಾಗಲೂ ಹೊರಗಿನಿಂದ ಸಿಕ್ಕಿಸಿ ಎಳೆದಾಗಲೂ ಕೊಕ್ಕೆಯ ದಪ್ಪ ಲೆಕ್ಕ ಕೆಡಿಸದಿರಲಿ ಎಂದೇ ಹಾಗೆ ಮಾಡಿದ್ದಾರೆ. ಅದನ್ನು ಬಡಿದು ಬಿಗಿ ಮಾಡಬೇಡಿ. ಕೊಕ್ಕೆ ಬಾಗಿದ್ದರೆ 10 ಇಂಚಿನ ಗೆರೆಯಿಂದ ಅಳೆದು ಆಮೇಲೆ 10 ಇಂಚು ಕಳೆಯಬಹುದು: ಟೇಪು 6 ಅಡಿ 4 ಇಂಚು ತೋರಿಸಿದರೆ ಅಸಲು ಉದ್ದ 5 ಅಡಿ 6 ಇಂಚು.

ಜಮೀನಿನ ಚೈನು ಬೇರೆ

ನಮ್ಮ ಕಡೆಯ ಹಳೆಯ ಸರ್ವೆ ಟಿಪ್ಪಣಿಗಳಲ್ಲಿ ಬರುವ ಚೈನು ಗಂಟರನ 66 ಅಡಿಯದ್ದಲ್ಲ, ಅದರರ್ಧ, 33 ಅಡಿ. ಗಂಟರನ ಚೈನಿಗೆ 7.92 ಇಂಚಿನ 100 ಕೊಂಡಿ, ಇದಕ್ಕೆ ಹದಿನಾರು ಆಣೆ, ಹಳೆಯ ರೂಪಾಯಿಗೆ ಇದ್ದ ಹಾಗೆ. ಒಂದು ಆಣೆ 24.75 ಇಂಚು, ಅಂದರೆ 2 ಅಡಿ ಮುಕ್ಕಾಲು ಇಂಚು. ಉದ್ದಗಲ ಒಂದೊಂದು ಚೈನು ಇರುವ ಚೌಕವೇ ಒಂದು ಗುಂಟೆ, 33 × 33 = 1,089 ಚದರಡಿ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ, 43,560 ಚದರಡಿ.

ಟಿಪ್ಪಣಿಯಲ್ಲಿ 5 ಚೈನು 10 ಆಣೆ ಎಂದಿದ್ದರೆ 5 × 33 = 165 ಅಡಿ. 10 × 24.75 = 247.5 ಇಂಚು, ಅದು 20 ಅಡಿ ಏಳೂವರೆ ಇಂಚು. ಒಟ್ಟು 185 ಅಡಿ ಏಳೂವರೆ ಇಂಚು. ಅಂತರ್ಜಾಲದ ಪರಿವರ್ತಕಕ್ಕೆ "5 ಚೈನು" ಎಂದು ಹಾಕಿದರೆ ಅದು 66 ಅಡಿಯ ಲೆಕ್ಕದಲ್ಲಿ 330 ಅಡಿ ಎನ್ನುತ್ತದೆ, ಬದು ಪಕ್ಕದವರ ತೋಟಕ್ಕೆ ಹೋಗಿ ಕೂರುತ್ತದೆ. ಆಣೆಯನ್ನೂ ದಶಾಂಶದಂತೆ 5.10 ಎಂದು ಬರೆದುಕೊಳ್ಳಬಾರದು, 10 ಆಣೆ ಎಂದರೆ 0.625 ಚೈನು.

ಬೇಲಿಯ ಲೆಕ್ಕಕ್ಕೆ ಬರೋಣ. ಚೌಕಾಕಾರದ ಒಂದು ಎಕರೆಗೆ ಒಂದೊಂದು ಬದಿ 208.71 ಅಡಿ, ಅಂದರೆ 208 ಅಡಿ ಎಂಟೂವರೆ ಇಂಚು. ಸುತ್ತಳತೆ 834 ಅಡಿ 10 ಇಂಚು. ನಾಲ್ಕು ಸುತ್ತು ಮುಳ್ಳುತಂತಿಗೆ 3,339 ಅಡಿ 4 ಇಂಚು, 5 ಫರ್ಲಾಂಗ್ 39 ಅಡಿ 4 ಇಂಚು. ಐದು ಫರ್ಲಾಂಗ್ ಹೆಚ್ಚುಕಡಿಮೆ ಒಂದು ಕಿಲೋಮೀಟರ್ (1,005.84 ಮೀಟರ್) ಆದ್ದರಿಂದ ತಂತಿ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಬೇಕು ಎಂದು ಅಂಗಡಿಯಲ್ಲಿ ನಿಂತೇ ಹೇಳಬಹುದು. ಕಂಬಕ್ಕೆ ಸುತ್ತುವ, ಗಂಟು ಹಾಕುವ ಭಾಗ ಇದರಲ್ಲಿ ಸೇರಿಲ್ಲ. ಎಂಟಡಿಗೊಂದು ಕಲ್ಲುಕಂಬ ಎಂದರೆ ಬದಿಗೆ 26 ಅಂತರ ಬಂದು ಎಂಟೂವರೆ ಇಂಚು ಉಳಿಯುತ್ತದೆ. ಅಷ್ಟಕ್ಕಾಗಿ ಇನ್ನೊಂದು ಕಂಬ ಹಾಕಬೇಡಿ, 26 ಅಂತರಕ್ಕೂ ಹಂಚಿದರೆ ಒಂದೊಂದಕ್ಕೆ ಮೂರು ನೂಲಿಗಿಂತ ಕಡಿಮೆ ಬರುತ್ತದೆ. ಸುತ್ತ ಮುಚ್ಚಿದ ಬೇಲಿಯಲ್ಲಿ ಅಂತರದಷ್ಟೇ ಕಂಬ: 26 × 4 = 104. ಒಂದೇ ನೇರ ಸಾಲಾದರೆ ಮಾತ್ರ ಅಂತರಕ್ಕಿಂತ ಒಂದು ಕಂಬ ಹೆಚ್ಚು.

ಮೀಟರಿಗೆ ದಾಟಬೇಕಾದರೆ

1959ರ ಅಂತರರಾಷ್ಟ್ರೀಯ ಒಪ್ಪಂದದಿಂದ ಗಜವನ್ನು ಸರಿಯಾಗಿ 0.9144 ಮೀಟರ್ ಎಂದು ಹಿಡಿಯಲಾಗಿದೆ. ಹಾಗಾಗಿ ಒಂದು ಇಂಚು 25.4 ಮಿಲಿಮೀಟರ್, ಇದರಲ್ಲಿ ಹತ್ತಿರತ್ತಿರ ಎಂಬ ಮಾತಿಲ್ಲ. ಅಡಿ, ಇಂಚು ಎರಡನ್ನೂ ಒಟ್ಟು ಇಂಚು ಮಾಡಿ ಒಮ್ಮೆಗೇ 25.4ರಿಂದ ಗುಣಿಸಿ. ಬ್ರಾಡ್‌ಗೇಜ್ ರೈಲುಹಳಿಗಳ ನಡುವಿನ 5 ಅಡಿ 6 ಇಂಚು ಎಂದರೆ 66 ಇಂಚು, 1,676.4 ಮಿಲಿಮೀಟರ್. ರೈಲ್ವೆ ಅದನ್ನು 1,676 ಎಂದು ಬರೆಯುತ್ತದೆ. ನಡೆಯುವ ದೂರಕ್ಕೆ 5 ಮೈಲಿ 8 ಕಿಲೋಮೀಟರ್ ಎಂದುಕೊಂಡರೆ ಸಾಕು, ನಿಜ ಉತ್ತರ 8.047.

ಪೈಪಿನ ಅಳತೆಗೆ ಮಾತ್ರ ಈ ಗುಣಾಕಾರ ಬೇಡ. ಅರ್ಧ ಇಂಚಿನ ನೀರಿನ ಪೈಪು ಎನ್ನುವುದು ಹೆಸರಷ್ಟೇ, ಹೊರಗೆ ಅಳೆದರೆ ಅದು ಅರ್ಧ ಇಂಚಿಗಿಂತ ದಪ್ಪ ಇರುತ್ತದೆ. ಗೋಡೆಯಲ್ಲಿ ತೂತು ಕೊರೆಯುವ ಮುನ್ನ ಪೈಪನ್ನೇ ಅಳೆಯಿರಿ. ಹೂವಿನವರ ಮೊಳ, ಮಾರುಗಳನ್ನೂ ಇಂಚಿಗೆ ತರಲು ಹೋಗಬೇಡಿ, ಅವು ಅಳೆಯುವವರ ತೋಳಿನ ಉದ್ದದ ಮೇಲೆ ನಿಂತಿವೆ.

ಅಮೆರಿಕದಲ್ಲಿ ಮನೆ ಕಟ್ಟಿಸುವ ಕನ್ನಡಿಗರಿಗೆ ಎರಡು ಮಾತು. ಅಲ್ಲಿನ ಟೇಪಿನಲ್ಲಿ ಪ್ರತಿ 16 ಇಂಚಿಗೆ ಎದ್ದುಕಾಣುವ ಗುರುತು ಇರುತ್ತದೆ. ಅದು ಅಡಿಯ ಗುರುತಲ್ಲ, ಗೋಡೆಯೊಳಗಿನ ಮರದ ಕಂಬಗಳ ಅಂತರ. ಅಂಥ ಆರು ಸೇರಿದರೆ 96 ಇಂಚು, ಒಂದು ಹಲಗೆಯ ಪೂರ್ತಿ 8 ಅಡಿ. ಜಾಗದ ಹಳೆಯ ದಾಖಲೆಗಳಲ್ಲಿ "ಸರ್ವೆ ಅಡಿ" ಎಂಬುದು ಕಾಣಿಸಬಹುದು. ಅದು ಮಾಮೂಲಿ ಅಡಿಗಿಂತ ಹತ್ತು ಲಕ್ಷದಲ್ಲಿ ಎರಡು ಪಾಲಿನಷ್ಟು ಉದ್ದ, 2022ರ ಕೊನೆಗೆ ಅದನ್ನು ಅಧಿಕೃತವಾಗಿ ಕೈಬಿಟ್ಟಿದ್ದಾರೆ. ಒಂದು ಮೈಲಿಗೆ ವ್ಯತ್ಯಾಸ ಒಂದು ನೂಲು. ಮನೆಯ ಸೈಟಿಗೆ ಅದರಿಂದ ಏನೂ ಆಗದು. ನೂರಾರು ಮೈಲಿ ಆಚೆಯ ಮೂಲಬಿಂದುವಿನಿಂದ ಎಣಿಸಿದ ನಿರ್ದೇಶಾಂಕಗಳಲ್ಲಿ ಮಾತ್ರ ಎರಡು ಅಡಿಗಳನ್ನು ಬೆರೆಸಿದರೆ ಗಡಿಕಲ್ಲು ಅಡಿಗಟ್ಟಲೆ ಸರಿದು ಕಾಣುತ್ತದೆ, ಆದ್ದರಿಂದ ಆ ದಾಖಲೆ ಯಾವ ಅಡಿಯಲ್ಲಿದೆ ಎಂದು ಸರ್ವೆಯವರನ್ನು ಮೊದಲೇ ಕೇಳಿ ಬರೆಸಿಕೊಳ್ಳಿ.